ತಿಮಿಂಗಿಲದ ಪಾಲು

ಬಣಕಲ್ಲಿನ ಪಕ್ಕದ ಕಾಫಿ ತೋಟದಲ್ಲಿ ಕೂತು ನಾನು ತಿಮಿಂಗಿಲದ ಸಭೆ ಕೇಳುತ್ತೇನೆ ಅಂದರೆ ಯಾರೂ ನಂಬುವುದಿಲ್ಲ. ಹೇಳೋಣವೆಂದರೆ ಮನೆಯಲ್ಲಿ ಯಾರಿದ್ದಾರೆ, ಅದು ಬೇರೆ ಮಾತು. ಗಂಡ ತೀರಿಕೊಂಡ ಮೇಲೆ ಹಿಡಿದ ಕೆಲಸ ಇದು. ದೇಶವಿದೇಶದ ಸಭೆಗಳ ಮಾತನ್ನು ಕಂಪ್ಯೂಟರ್ ಬರೆದುಕೊಳ್ಳುತ್ತದೆ, ಅದರ ತಪ್ಪುಗಳನ್ನು ನಾನು ಕೇಳಿ ಕೇಳಿ ತಿದ್ದುತ್ತೇನೆ.

ವ್ಯಾಪಾರಕ್ಕಾಗಿ ತಿಮಿಂಗಿಲ ಕೊಲ್ಲುವುದು ಬೇಡವೆಂದು ಹಲವು ದೇಶಗಳು ಸೇರಿ ಎಂದೋ ತೀರ್ಮಾನಿಸಿವೆ. ತಲೆತಲಾಂತರದಿಂದ ಅದನ್ನೇ ತಿಂದು ಬದುಕಿದ ಕೆಲವು ಊರಿನವರಿಗೆ ಮಾತ್ರ ಇಷ್ಟೇ ಎಂದು ಅನುಮತಿ. ಮೊನ್ನೆ ಕೇಳಿದ ಸಭೆಯಲ್ಲಿ ಅಂಥ ಒಂದು ದ್ವೀಪದ ಹೆಂಗಸು, ಅನುಮತಿ ಮುಂದುವರಿಸಿ ಎಂದು ಕೇಳುತ್ತಿದ್ದಳು. ಯಾವನೋ ದೊಡ್ಡ ಮನುಷ್ಯ, ನಿಮ್ಮೂರ ಅಂಗಡಿಯಲ್ಲಿ ಮಾಂಸ ಸಿಗುವುದಿಲ್ಲವೇ ಎಂದ. ನನಗೆ ಮೈ ಉರಿಯಿತು. ಅವಳು ಮೆಲ್ಲಗೆ, "ನಮ್ಮಲ್ಲಿ ದೋಣಿ ಹತ್ತುವವರಿಲ್ಲದ ಮನೆಗೂ ಒಂದು ಪಾಲು ಹೋಗುತ್ತದೆ. ಅದನ್ನು ಅಂಗಡಿಯವರು ಕಳಿಸುವುದಿಲ್ಲ" ಎಂದಳು.

ಅಲ್ಲಿಗೇ ನಿಲ್ಲಿಸಿ ಆ ಮಾತನ್ನು ಇನ್ನೊಮ್ಮೆ ಕೇಳಿದೆ. ನಮ್ಮಲ್ಲೂ ಹಾಗೇ ಇತ್ತು. ಶಿಕಾರಿಯಲ್ಲಿ ಹಂದಿ ಬಿದ್ದರೆ ಕೋವಿಗೊಂದು ಪಾಲು, ನಾಯಿಗೊಂದು ಪಾಲು, ಗಂಡಸರಿಲ್ಲದ ಮನೆಗೂ ಒಂದು ಪಾಲು. ಆಮೇಲೆ ಶಿಕಾರಿ ನಿಂತಿತು. ನಿಲ್ಲಬೇಕಾದದ್ದೇ, ಕಾಡಲ್ಲಿ ಇನ್ನೇನು ಮಣ್ಣು ಉಳಿದಿದೆ? ಈಗ ಅಕ್ಕಪಕ್ಕದವರು ಸೇರಿ ಸಾಕಿದ ಹಂದಿ ತಂದು ಪಾಲು ಹಾಕುತ್ತಾರೆ. ಗಂಡ ಹೋದಮೇಲೆ ನನ್ನ ಮನೆಗೆ ಆ ಪಾಲು ಒಮ್ಮೆಯೂ ಬಂದಿಲ್ಲ. ನನ್ನದೂ ಒಂದು ಮನೆ ಎಂಬುದು ಇವರಿಗೆ ಮರೆತೇಹೋಯಿತೇನೋ ಎಂದು ಎಷ್ಟು ಸಲ ಅತ್ತಿದ್ದೇನೋ.

ಮರುದಿನದ ಮಾತುಕತೆಯಲ್ಲಿ ದ್ವೀಪದವರಿಗೆ ಅನುಮತಿ ಸಿಕ್ಕಿತು. ಒಳ್ಳೆಯದಾಯಿತು ಅಂದುಕೊಂಡೆ, ಬೆನ್ನಿಗೇ ಹೊಟ್ಟೆಕಿಚ್ಚಾಯಿತು. ಸುಳ್ಳೇಕೆ ಹೇಳಲಿ, ಸಮುದ್ರದಾಚೆಯ ಯಾವಳೋ ಒಂಟಿ ಹೆಂಗಸಿಗೆ ಪಾಲು ಬರುತ್ತದೆ, ನನಗಿಲ್ಲ.

ಎದ್ದು ಹೊರಗೆ ಹೋದೆ. ಬೇಲಿಯಾಚೆ ಪಕ್ಕದ ಮನೆಯ ಯಜಮಾನರು ಮೆಣಸು ಒಣಹಾಕುತ್ತಿದ್ದರು. ಪಾಲು ಹಾಕುವವರು ಅವರೇ.

"ಅಣ್ಣ, ಭಾನುವಾರ ಹಂದಿ ತಂದ್ರೆ ನಂಗೂ ಸ್ವಲ್ಪ ಇಡ್ತೀರಾ? ದುಡ್ಡು ಕೊಡ್ತೀನಿ."

ಅವರು ಕೈ ನಿಲ್ಲಿಸಿ ನನ್ನನ್ನೇ ನೋಡಿದರು.

"ಗಂಡ ಹೋದ್ಮೇಲೆ ನೀನು ತಿನ್ನೋದು ಬಿಟ್ಟಿದ್ದೀಯ ಅಂದ್ಕೊಂಡಿದ್ವಲ್ಲ ಮಾರಾಯ್ತಿ. ಹೆಂಗೆ ಕೇಳೋದು ಅಂತ ಯಾರೂ ಕೇಳ್ಲಿಲ್ಲ."

"ಬಿಟ್ಟಿಲ್ಲ" ಎಂದೆ.

"ದುಡ್ಡು ಕೊಟ್ರೆ ಅದು ವ್ಯಾಪಾರ, ಪಾಲಲ್ಲ. ಪಾತ್ರೆ ತೊಳ್ದಿಡು."

ಪಾತ್ರೆ ತೊಳೆದೇ ಇತ್ತು. ಒಳಗೆ ಹೋಗಿ ಮತ್ತೊಮ್ಮೆ ತೊಳೆದೆ.