ಹನಿ ನುಂಗಿದ ಚಕ್ರ

ಬೆಳಿಗ್ಗೆ ಹತ್ತು ಗಂಟೆ ಹನ್ನೆರಡು ನಿಮಿಷ. ಬಣ್ಣದಕ್ಕ ಒದ್ದೆ ಬಟ್ಟೆಯಿಂದ ಕಂಪ್ಯೂಟರ್ ಪರದೆಯ ಧೂಳು ಒರೆಸುತ್ತಿದ್ದಳು. ನೀರಿನ ಪಂಪು ತಯಾರಿಸುವ ಆ ಕಾರ್ಖಾನೆಯಲ್ಲಿ ಡಬ್ಬದ ಚೀಟಿಯಿಂದ ಹಿಡಿದು ಗೇಟಿನ ಬೋರ್ಡಿನವರೆಗೆ ಎಲ್ಲ ವಿನ್ಯಾಸವೂ ಅವಳದೇ. ಅವಳ ನಿಜವಾದ ಹೆಸರು ಗೊತ್ತಿದ್ದದ್ದು ಸಂಬಳದ ಪಟ್ಟಿಗೆ ಮಾತ್ರ. ತಿಂಗಳ ಕೊನೆಗೆ ಅದು ಅಲ್ಲಿಂದಲೂ ಅಳಿಸಿಹೋಗುವ ಲಕ್ಷಣ ಕಾಣುತ್ತಿತ್ತು.

ಕಾರಣ, ಯಜಮಾನರ ಅಳಿಯ. ಮಾವನ ಕಾರ್ಖಾನೆಗೆ ಕಾಲಿಟ್ಟು ಮೂರು ತಿಂಗಳಾಗಿತ್ತು. ಉದ್ಧಾರ ಎಂದರೆ ಅವನ ಲೆಕ್ಕದಲ್ಲಿ ಇದ್ದವರನ್ನು ಮನೆಗೆ ಕಳಿಸುವುದು. "ಮಾವ, ಎರಡು ನಿಮಿಷದ ಕೆಲಸಕ್ಕೆ ಒಬ್ಬರನ್ನ ಸಾಕೋದು ಯಾಕೆ? ಈಗೆಲ್ಲ ಸಾಫ್ಟ್‌ವೇರೇ ಮಾಡುತ್ತೆ," ಎಂದು ದಿನವೂ ಕಿವಿ ಊದುತ್ತಿದ್ದ. ಬಣ್ಣದಕ್ಕನ ಗಂಡ ಕಾಲು ಮುರಿದುಕೊಂಡು ಮಲಗಿದ್ದ. ಮನೆಯ ಒಲೆ ಉರಿಯುತ್ತಿದ್ದದ್ದು ಈ ಒಂದು ಕುರ್ಚಿಯಿಂದ.

ಅಂದು ಪರೀಕ್ಷೆಯೇ ಒದಗಿತು. ಕಂಪನಿಯ ಲೋಗೋ ಎಂದರೆ ನೀಲಿ ಚಕ್ರ, ಅದರ ನಡುವೆ ಕೆಂಪು ಹನಿ. ಹನಿಗೆ ಕೆಂಪು ಆರಿಸಿದವರು ಯಜಮಾನರೇ. ಹಿಂದಿನ ದಿನ ಯಾರೋ ಫೋನ್ ಮಾಡಿ, "ಓ ನೆಗೆಟಿವ್ ರಕ್ತ ಸಿಗುತ್ತಾ?" ಎಂದು ಕೇಳಿದ ಮೇಲೆ ಅವರ ಕಣ್ಣು ತೆರೆಯಿತು. ಚಕ್ರ ಕೆಂಪಾಗಲಿ, ಹನಿ ನೀಲಿಯಾಗಲಿ, ಹನ್ನೊಂದಕ್ಕೆ ಬೋರ್ಡಿನವನಿಗೆ ಫೈಲು ಹೋಗಲಿ ಎಂದು ಅಪ್ಪಣೆಯಾಯಿತು.

"ಏಳಿ ಮೇಡಂ, ನಾನೇ ತೋರಿಸ್ತೀನಿ," ಎಂದು ಅಳಿಯ ಅವಳ ಕುರ್ಚಿಯಲ್ಲಿ ಕೂತ. ಮಾವ ಹಿಂದೆ ನಿಂತರು.

ನೀಲಿಯನ್ನೆಲ್ಲ ಕೆಂಪು ಮಾಡು ಎಂದು ಸಾಫ್ಟ್‌ವೇರಿಗೆ ಆಜ್ಞೆ ಕೊಟ್ಟ. ಚಕ್ರ ಕೆಂಪಾಯಿತು. ಹನಿ ಮೊದಲೇ ಕೆಂಪು. ಎರಡೂ ಬೆರೆತು ಒಂದು ಕೆಂಪು ಬಿಲ್ಲೆ. ಸೇವ್ ಮಾಡಿದ. ಈಗ ಕೆಂಪನ್ನೆಲ್ಲ ನೀಲಿ ಮಾಡು ಎಂದ. ನೀಲಿ ಬಿಲ್ಲೆ. ಅದನ್ನೂ ಸೇವ್ ಮಾಡಿದ. ಆ ಶಿಸ್ತನ್ನು ಮಾತ್ರ ಮೆಚ್ಚಲೇಬೇಕು. ಹೀಗೆ ನಾಲ್ಕು ಸಲ. ಸಾಫ್ಟ್‌ವೇರು ಹೇಳಿದ್ದನ್ನು ಚಾಚೂ ತಪ್ಪದೆ ಮಾಡುತ್ತಿತ್ತು. ಅಷ್ಟು ವಿಧೇಯತೆ ಅವನಿಗೆ ಮನುಷ್ಯರಲ್ಲಿ ಇನ್ನೂ ಸಿಕ್ಕಿರಲಿಲ್ಲ.

"ಹನಿ ಎಲ್ಲಪ್ಪಾ?" ಎಂದರು ಮಾವ.

"ಒಳಗೇ ಇದೆ ಮಾವ. ಈಗಿನ ಫ್ಯಾಷನ್ನೇ ಹೀಗೆ. ಎಲ್ಲಾ ತೋರಿಸಬಾರದು."

"ನೀರೇ ತೋರಿಸದಿದ್ರೆ ಪಂಪು ಯಾರಪ್ಪ ತಗೋತಾರೆ? ಏಳು ಮೇಲೆ."

ಬಣ್ಣದಕ್ಕ ಯಾವ ಫೈಲನ್ನೂ ನಕಲು ಇಟ್ಟುಕೊಳ್ಳದೆ ಮುಟ್ಟಗೊಡುವವಳಲ್ಲ. ಹಳೆಯ ನಕಲನ್ನು ತೆರೆದಳು. ಮೊದಲು ಕೆಂಪನ್ನೆಲ್ಲ ಹಸಿರು ಮಾಡಿದಳು, ಹನಿ ಹಸಿರಾಯಿತು.

"ನೋಡಿ ಮಾವ, ಹಸಿರು!" ಅಳಿಯ ಕುಣಿದ. "ಹಸಿರು ಕೇಳಿದ್ದು ಯಾರು? ನೀವು ಹೇಳಿದ ಎರಡು ಬಣ್ಣನೂ ಇವರ ತಲೆಯಲ್ಲಿ ನಿಲ್ಲಲ್ಲ. ಇವರಿಗೆ ಸಂಬಳ ಬೇರೆ!"

ಯಜಮಾನರ ಹುಬ್ಬು ಗಂಟಿಕ್ಕಿತು. "ನಿಲ್ಸಮ್ಮ."

ಅವಳು ಮೌಸಿನಿಂದ ಕೈ ತೆಗೆದಳು. ಮೇಜಿನ ಮೇಲಿದ್ದ ಅರ್ಧ ಲೋಟ ಚಹಾ, ಅರ್ಧ ಲೋಟ ನೀರು ಎರಡನ್ನೂ ಅಳಿಯನ ಮುಂದೆ ಸರಿಸಿದಳು.

"ಸರ್, ಈ ಚಹಾ ಆ ಲೋಟಕ್ಕೆ ಹೋಗಬೇಕು, ಆ ನೀರು ಈ ಲೋಟಕ್ಕೆ ಬರಬೇಕು. ಚೆಲ್ಲೋ ಹಾಗಿಲ್ಲ."

"ಇದೇನ್ ಮಹಾ," ಎಂದು ಅವನು ಚಹಾವನ್ನು ನೀರಿನ ಲೋಟಕ್ಕೆ ಸುರಿದೇಬಿಟ್ಟ. ಆಮೇಲೆ ಲೋಟವನ್ನೇ ನೋಡುತ್ತ ನಿಂತ.

"ಖಾಲಿ ಲೋಟ ಒಂದು ಬೇಕಿತ್ತಲ್ಲೋ, ಮಹರಾಯ!" ಎಂದರು ಯಜಮಾನರು.

"ಹಸಿರು ಅಂದ್ರೆ ಆ ಖಾಲಿ ಲೋಟ, ಸರ್."

ನೀಲಿಯನ್ನೆಲ್ಲ ಕೆಂಪು ಮಾಡಿದಳು, ಚಕ್ರ ಕೆಂಪಾಯಿತು. ಹಸಿರನ್ನು ನೀಲಿ ಮಾಡಿದಳು, ಹನಿ ನೀಲಿಯಾಯಿತು. ಹತ್ತು ಐವತ್ತಮೂರಕ್ಕೆ ಫೈಲು ಹೋಯಿತು.

ಹೊಸ ಬೋರ್ಡು ಏರಿದ ದಿನ ಯಜಮಾನರು ಎಲ್ಲರೆದುರು, "ಐಡಿಯಾ ನಮ್ಮ ಅಳಿಯಂದಿರದು," ಎಂದರು. ಮಗಳು ಪಕ್ಕದಲ್ಲೇ ನಿಂತಿದ್ದಳು, ಮತ್ತೇನು ಹೇಳಿಯಾರು? ಆದರೆ ಮರುದಿನವೇ ಅಳಿಯನಿಗೆ ಗೋದಾಮಿನ ಉಸ್ತುವಾರಿ ಸಿಕ್ಕಿತು. ಅಲ್ಲಿನ ಡಬ್ಬಗಳೆಲ್ಲ ಒಂದೇ ಬಣ್ಣ.

ಬಣ್ಣದಕ್ಕನನ್ನು ಕಳಿಸುವ ಮಾತು ಮತ್ತೆ ಏಳಲಿಲ್ಲ. ಈಗ ಅವಳಿಗೆ ಆ ಕೋಣೆಯಲ್ಲಿ ಹತ್ತೊಂಬತ್ತನೇ ವರ್ಷ. ಸೇರಲು ಬಂದ ದಿನ ಯಜಮಾನರು, "ಎಷ್ಟು ದಿನ ಇರ್ತೀಯಮ್ಮ?" ಎಂದು ಕೇಳಿದ್ದರು. ಬಿಎಸ್ಸಿ ಓದಿದ ಹುಡುಗಿ, ಒಳ್ಳೆ ಕೆಲಸ ಸಿಗಲು ಎಷ್ಟು ದಿನ ಬೇಕೆಂದು ಮನಸ್ಸಿನಲ್ಲೇ ಲೆಕ್ಕ ಹಾಕಿ, ಗಟ್ಟಿಯಾಗಿ ಹೇಳಿದ್ದಳು: "ಆರು ತಿಂಗಳು."