ಗುರುಪಾದಪ್ಪ ನೋಡಿದ ಸರ್ಕಸ್ ಪಿಚ್ಚರ್

ಖಾನಾಪುರದ ಟೇಲರ್ ಗುರುಪಾದಪ್ಪ ಮೂರೂವರಿ ಫೂಟಿನ ಮನಷ್ಯಾ. ಮಶೀನಿನ ಪೆಡಲಿಗೆ ಕಟ್ಟಿಗಿ ತುಂಡು ಬಡದು ಕಾಲಿಗೆ ನಿಲುಕಿಸಿಕೊಂಡಿದ್ದ. ಅವ ಹೊಲದ ಜಂಪರ್ ತೊಟ್ಟ ಹೆಂಗಸರು ಬ್ಯಾರೆ ಟೇಲರ್‌ನ ಅಂಗಡಿ ಹೊಸ್ತಿಲಾ ತುಳೀತಿರಲಿಲ್ಲ. ಆದ್ರೇನು, ಗಡಗಿ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಾಕ ಆದೀತೇನು? ಸಣ್ಣಂವಿದ್ದಾಗಿಂದ ಒಂದೇ ಹಾಡು: "ಏ ಗುರುಪಾದ್ಯಾ, ಸರ್ಕಸ್ಸಿಗೆ ಸೇರ್ಕೊಳೋ!" ಆ ಸರ್ಕಸ್ ಅನ್ನೂ ಶಬ್ದಾ ಕೇಳಿದ್ರ ಅವಂಗ ಮೈಯೆಲ್ಲಾ ಉರೀತಿತ್ತು.

ಎಪ್ಪತ್ತೆಂಟನೇ ಇಸ್ವಿಯಾಗ ಬೆಳಗಾವಿ ಖಾಸಬಾಗಕ್ಕ ಹೆಣ್ಣು ನೋಡಾಕ ಹೋದ. ಹುಡುಗಿ ಗಂಗಾದೇವಿ, ಎಲ್ಲಾರಂಗ ಎತ್ತರದಾಕಿ. ಮದಲ ಬಂದು ಹೋಗಿದ್ದ ಗುರುಪಾದಪ್ಪನ ಅವ್ವನ ಮೈಮ್ಯಾಲಿನ ಜಂಪರ್ ನೋಡಿ, "ಇಷ್ಟು ಛಂದ ಹೊಲದಾಂವನ್ನ ಒಮ್ಮೆ ಕರಸ್ರಿ," ಅಂದಿದ್ದಳಂತ. ಗುರುಪಾದಪ್ಪಗ ಹಿಂದಿನ ರಾತ್ರಿ ನಿದ್ದಿನ ಹತ್ತಿರಲಿಲ್ಲ. ಇದೊಂದು ಕೂಡಿ ಬರ್ಲಪಾ ಬಸವಣ್ಣಾ ಅಂತ ಬಸ್ಸಿನ್ಯಾಗೂ ಅದನ್ನ ಅಂದುಕೋತ ಬಂದಿದ್ದ.

ಅಕಿ ಅಣ್ಣ ತಮ್ಮಣ್ಣ ಭಾಳ ಹುರುಪಿನಾಂವ. "ಮನ್ಯಾಗ ಕುಂದ್ರಿಸಿದ್ರ ಇಬ್ಬರೂ ಗ್ವಾಡಿ ನೋಡ್ತೀರಿ. ಬರ್ರಿ, ಪಿಚ್ಚರಿಗೆ ಹೋಗೂಣು. ಹಳೇ ಇಂಗ್ಲಿಷ್ ಪಿಚ್ಚರ್ ಅಂತ, ಸರ್ಕಸ್ಸಿಂದು. ನಕ್ಕು ನಕ್ಕು ಸಾಕಾಗ್ತೈತಿ!" ಸರ್ಕಸ್ ಅಂದ್ರ ಜೋಕರ್, ಜೋಕರ್ ಅಂದ್ರ ನಗು, ತಮ್ಮಣ್ಣನ ತಲಿ ಅಲ್ಲಿಗೇ ನಿಂತಿತ್ತು. ಹೆಣ್ಣಿನ ಅಣ್ಣ ಕರದ್ರ ಒಲ್ಲೆ ಅನ್ನಾಕ ಬರ್ತೈತೇನು?

ತಮ್ಮಣ್ಣ ರೀತಿ ಪ್ರಕಾರ ಇಬ್ಬರ ನಡುವ ಕುಂತ. ಪಿಚ್ಚರಿನ್ಯಾಗ ನಗುನೂ ಇಲ್ಲ, ಗಿಗುನೂ ಇಲ್ಲ. ಸತ್ತ ಕುಳ್ಳ ಜೋಕರ್ ಹೆಣದ ಪೆಟಗಿಯೊಳಗಿಂದ ಎದ್ದು ಬಂದು ಸರ್ಕಸ್ ಮಾಲಕನ ಕುತಗಿಗೆ ಕೈ ಹಾಕಾಂವ! ಥೇಟರ್ ತುಂಬ ಚಿಟಿ ಚಿಟಿ ಚೀರಾಟ. ಗುರುಪಾದಪ್ಪ ಕುರ್ಚಿಮ್ಯಾಲೆ ಆ ಕಡೆ ಹೊಳ್ಳಿದ, ಈ ಕಡೆ ಹೊಳ್ಳಿದ. ಎದ್ದು ಹೋಗಬೇಕಂದ್ರ ಸಾಲಿನ ಮಂದಿಯೆಲ್ಲಾ ನೋಡ್ತಾರ. ಮುಗೀತು, ಇನ್ನ ನನ್ನ ಮಾರಿ ಕಂಡಾಗೆಲ್ಲಾ ಈಕೀಗೆ ಆ ಹೆಣಾನ ನೆಪ್ಪಾಗ್ತೈತಿ ಅಂದುಕೊಂಡ.

ತಮ್ಮಣ್ಣಗೂ ತನ್ನ ತಪ್ಪು ತಿಳೀತು. ನಾಚಿ, ಬೀಡಿ ಸೇದಿ ಬರ್ತೇನಿ ಅಂತ ಎದ್ದು ಹ್ವಾದ. ಪೆಟಗಿ ಮತ್ತ ಕಿರ್ರ್ ಅಂತು. "ಯವ್ವಾ!" ಅಂತ ಗಂಗಾದೇವಿ ಖಾಲಿ ಕುರ್ಚಿಗೆ ಜಿಗಿದು ಗುರುಪಾದಪ್ಪನ ಕೈ ಗಟ್ಟಿ ಹಿಡಕೊಂಡಳು. ಕತ್ತಲಾಗ ಯಾರ ಕೈ ಅನ್ನೂದು ಅಕಿಗೆ ತಿಳಿದಿರಾಕಿಲ್ಲ ಅಂತ ಅವ ಉಸರ ಬಿಡದ ಕುಂತ.

ಪಿಚ್ಚರ್ ಮುಗದು ದೀಪಾ ಹತ್ತಿದ ಕೂಡ್ಲೆ ಮುಂದಿನ ಸಾಲಿನ ಹೆಂಗಸೊಬ್ಬಾಕಿ ಹೊಳ್ಳಿ ಅವನ್ನ ನೋಡಿ ಚೀರಿದಳು. ಮಂದಿ ಕಿಸಕ್ ಅಂತು. ಅವ ಕೈ ಬಿಡಿಸಿಕೊಂಡು ದಡದಡ ಹೊರಗ ಬಂದ.

ಬಾಗಲದಾಗ ತಮ್ಮಣ್ಣ ಮಾರಿ ಕೆಳಗ ಹಾಕಿ ನಿಂತಿದ್ದ. "ತಪ್ಪಾತ್ರೀ. ಬರ್ರಿ, ಚಾ ಕುಡದು ಬಸ್ ಹಿಡೀರಿ."

"ಚಾ ಯಾಕಣ್ಣಾ?" ಹಿಂದಿನಿಂದ ಗಂಗಾದೇವಿ ಅಂದಳು. "ಇವರು ಮನ್ಯಾಗ ರೊಟ್ಟಿ ಉಂಡು ಹೋಗ್ಲಿ."

ಮಾತು ಪಕ್ಕಾ ಆಗೂತನಕ ಹೆಣ್ಣು ನೋಡಾಕ ಬಂದವರಿಗೆ ಆ ಮನ್ಯಾಗ ಅವಲಕ್ಕಿ, ಚಾ ಅಷ್ಟ. ರೊಟ್ಟಿ ಬಡಸಿದ್ರ ಲಗ್ನ ಒಪ್ಪಿದಂಗ.

ಗುರುಪಾದಪ್ಪಗ ತಡಕೊಳ್ಳಾಕ ಆಗಲಿಲ್ಲ. "ನಿಮಗ ಅಂಜಿಕಿ ಬರಲಿಲ್ಲೇನ್ರೀ?"

"ಬಂತ್ರೀ, ಜೀವಾನ ಹೋಗಿತ್ತು," ಅಂದಳು. "ಅದಕ್ಕಲ್ಲೇನ್ರೀ ನಿಮ್ಮ ಕೈ ಹಿಡದದ್ದು?"