ಮೂಲೆಯಲ್ಲಿ ಬಾಗದ ಕಂಬಿ

ಕುರುಗೋಡಿನ ನಮ್ಮ ಮನೆಯ ಹಿತ್ತಲಲ್ಲಿ ನೆಲದೊಳಗೆ ನೀರಿನ ತೊಟ್ಟಿ ಕಟ್ಟಿಸುವಾಗ ನನ್ನ ಗಂಡನಿಗೆ ಗಾಜಿನ ನಾರಿನ ಕಂಬಿಯ ಹುಚ್ಚು ಹಿಡಿದಿತ್ತು. ಬೋರಿನ ಉಪ್ಪುನೀರಿಗೆ ಹಳೆಯ ತೊಟ್ಟಿಯ ಕಬ್ಬಿಣ ತುಕ್ಕು ಹಿಡಿದು ಗೋಡೆಯೇ ಉದುರಿತ್ತು. ಈ ಕಂಬಿಗೆ ತುಕ್ಕಿನ ಮಾತೇ ಇಲ್ಲವಂತೆ. ಬಳ್ಳಾರಿಯಿಂದ ತಂದ ಆ ಹಗುರ ಕಂಬಿಗಳನ್ನು ಬಂದವರಿಗೆಲ್ಲ ಹೊಸ ಅಳಿಯನಂತೆ ತೋರಿಸುತ್ತಿದ್ದರು.

ಗೋಡೆಗಳು ಎದ್ದವು. ಸ್ಲ್ಯಾಬ್ ಹಾಕುವ ಮೊದಲು ತೊಟ್ಟಿಯ ತಳದಲ್ಲಿ ಗಂಗೆಯ ಪೂಜೆ ಮಾಡುವುದು ನಮ್ಮ ಮನೆಯ ರೂಢಿ. ಅತ್ತೆ ಅರಿಸಿನ, ಕುಂಕುಮ, ದೀಪ ಹಿಡಿದು ಏಣಿಯಲ್ಲಿ ಇಳಿದರು. ಹೊರಗೆ ಟ್ರ್ಯಾಕ್ಟರು ಗೋಡೆಯ ಹಿಂದಿನ ಸಂದಿಗೆ ಎರೆಮಣ್ಣು ತಳ್ಳುತ್ತಿತ್ತು. ನಾನು ಗಂಡನನ್ನು ಸುಮ್ಮನೆ ಕೇಳಿದೆ.

"ಮೂಲ್ಯಾಗ ಈ ಕಂಬಿ ಹೆಂಗ ಬಗ್ಗಿಸಿದ್ರಿ?"

"ಇದು ಇಲ್ಲಿ ಬಗ್ಗಂಗಿಲ್ಲ. ಕಾರ್ಖಾನಿಯಿಂದ ಬಗ್ಗಿಸಿದ್ದು ಬರ್ಬೇಕಿತ್ತು, ಬರ್ಲಿಲ್ಲ. ನೆಟ್ಟಗಿದ್ದವನ್ನ ಕಟ್ಟಿಸೀನಿ," ಎಂದರು, ಚಹಾಕ್ಕೆ ಸಕ್ಕರೆ ಕಡಿಮೆಯಾಯಿತು ಎನ್ನುವ ಧಾಟಿಯಲ್ಲಿ.

ಹಾಗಾದರೆ ಮೂಲೆಯಲ್ಲಿ ಕೂಡುವ ಎರಡು ಗೋಡೆಗಳಿಗೂ ಒಂದಕ್ಕೊಂದು ಹಿಡಿತವೇ ಇಲ್ಲ! ಬಗ್ಗಿ ನೋಡಿದೆ. ಮೂಲೆಯಲ್ಲಿ ಮೇಲಿಂದ ಕೆಳಗಿನವರೆಗೆ ಬಿರುಕು. ನೋಡುತ್ತಿದ್ದಂತೆಯೇ ಅದು ಅಗಲವಾಯಿತು.

"ಏ, ನಿಲ್ಸಪ್ಪೋ!" ಎಂದು ಟ್ರ್ಯಾಕ್ಟರಿನವನಿಗೆ ಕೂಗಿದೆ. ಅದು ನಿಂತಿತು, ಆದರೆ ತುಂಬಿದ ಮಣ್ಣು ಒತ್ತುತ್ತಲೇ ಇತ್ತು.

"ಅತ್ತಿ, ಮ್ಯಾಲ ಬರ್ರಿ!"

"ಯಾಕವ್ವಾ ಹಂಗ ಒದರ್ತಿ? ಆರತಿ ಆಗ್ಲಿ ತಡಿ."

ಪೂಜೆಗೆ ಕೂತ ಅತ್ತೆಯನ್ನು ಮಾತಿನಿಂದ ಎಬ್ಬಿಸಿದವರು ನಮ್ಮ ವಂಶದಲ್ಲೇ ಇಲ್ಲ. ಗಂಡ ಮಣ್ಣು ತೆಗೆಸಲು ಟ್ರ್ಯಾಕ್ಟರಿನತ್ತ ಓಡಿದರು. ನಾನೇ ಇಳಿದೆ. ಕೆಳಗೆ ಹೋದರೆ ಗೋಡೆಯೊಳಗಿಂದ ಕಟಕಟ ಸದ್ದು. ಅತ್ತೆಯ ರಟ್ಟೆ ಹಿಡಿದೆಳೆದು ಏಣಿಗೆ ಹತ್ತಿಸಿದೆ. ಮಂಡಿನೋವು ಅವರಿಗೆ. ಪ್ರತಿ ಮೆಟ್ಟಿಲಿಗೂ ನಿಂತು ಉಸಿರೆಳೆದುಕೊಳ್ಳುತ್ತಿದ್ದರು. ಕೆಳಗಿದ್ದ ನನ್ನ ಕುತ್ತಿಗೆಯ ಮೇಲೆ ಮಣ್ಣು ಉದುರತೊಡಗಿತು. ಅಷ್ಟು ಹೆದರಿಕೆ ನನಗೆ ಹೆರಿಗೆಯಲ್ಲೂ ಆಗಿರಲಿಲ್ಲ.

"ಲಗೂನ ಹತ್ರಿ, ನನಗ ಸಾಯಾಕ ಮನಸಿಲ್ಲ!" ಎಂದು ಅತ್ತೆಯ ಮೇಲೆಯೇ ಕಿರುಚಿದೆ. ಹಾಗೆ ಅವರ ಮೇಲೆ ದನಿ ಎತ್ತಿದ್ದು ಅದೇ ಮೊದಲು.

ಅವರು ಹತ್ತಿದರು. ಹಿಂದೆಯೇ ನಾನು ಹತ್ತಿ ನೆಲಕ್ಕೆ ಕಾಲಿಟ್ಟೆ, ಅಷ್ಟೆ. ಗೋಡೆ ಒಳಕ್ಕೆ ವಾಲಿ ಮುರಿಯಿತು. ಉರಿಯುತ್ತಿದ್ದ ದೀಪದ ಮೇಲೆ ಎರೆಮಣ್ಣು ಸುರಿಯಿತು.

ಗಂಡ ಓಡಿ ಬಂದು ತಾಯಿಯನ್ನು ತಬ್ಬಿಕೊಂಡು ಅಳತೊಡಗಿದರು. ನಾನು ನೆಲದ ಮೇಲೆ ಕುಸಿದು ಕೂತಿದ್ದೆ. ಹಲ್ಲು ಕಟಗುಟ್ಟುವುದು ನಿಲ್ಲುತ್ತಿರಲಿಲ್ಲ. ಅತ್ತೆ ಮಗನನ್ನು ದೂರ ತಳ್ಳಿದರು.

"ನನ್ನನ್ನ ಏನ್ ಹಿಡ್ಕೊಂಡಿಯೋ? ನನ್ನ ಮೊದ್ಲ ಹತ್ತಿಸಿ ಕಡಿಗೆ ಮ್ಯಾಲ ಬಂದಾಕಿ ಅಕಿ. ಮೊದ್ಲ ಅಕಿನ್ನ ನೋಡು."